ಎಷ್ಟು ಓಡಿದೆ?

ಈಸ್ಟರ್ ಹಬ್ಬಕ್ಕೆ ಇಟಲಿಯಿಂದ ಬಂದ ಜ್ಲಾಟ್ಕಾ ತನ್ನ ಕೆಂಪು ಸೂಟ್‌ಕೇಸನ್ನು ಪೂರ್ತಿ ಖಾಲಿ ಮಾಡಲಿಲ್ಲ. ಮಲಗುವ ಕೋಣೆಯ ಬಾಗಿಲ ಹಿಂದೆ ಅದನ್ನು ಮಲಗಿಸಿ, ಬೇಕಾದ ಬಟ್ಟೆ ಅದರಿಂದಲೇ ತೆಗೆದು, ಉಟ್ಟು, ಒಗೆದು, ಮತ್ತೆ ಅದರೊಳಗೇ ಮಡಚಿಡುತ್ತಿದ್ದಳು. ಮನೆಯವರು ಅದನ್ನು ದಾಟಿಕೊಂಡು ಓಡಾಡುತ್ತಿದ್ದರು, ಯಾರೂ ಮಾತೆತ್ತಲಿಲ್ಲ. ಹದಿನೇಳು ವರ್ಷದ ಮಗಳು ಬಿಲ್ಯಾನಾ ಮಾತ್ರ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು.

"ಅಮ್ಮಾ, ಬೀರುವಲ್ಲಿ ಜಾಗ ಇಲ್ವಾ?"

"ಇದೆಯಲ್ಲ. ಯಾಕೆ?"

"ಮತ್ತೆ ನಿನ್ನ ಬಟ್ಟೆಗಳು ಯಾಕೆ ನೆಂಟರ ಥರ ಬಾಗಿಲ ಹತ್ರ ಕೂತಿವೆ?"

ಜ್ಲಾಟ್ಕಾ ಮಗಳ ತಟ್ಟೆಗೆ ಇನ್ನೊಂದು ಸೌಟು ಬೀನ್ಸ್ ಕಾಳಿನ ಸಾರು ಬಡಿಸಿದಳು.

"ಮಗು ಕೇಳಿದ್ದಕ್ಕೆ ಸಾರು ಬಡಿಸಿದ್ರೆ ಆಯ್ತಾ?" ಎಂದಳು ಅತ್ತೆ ಪೆಂಕಾ, ಬ್ರೆಡ್ಡು ಮುರಿಯುತ್ತಾ.

"ಕಾರು ಸಿಗಲಿ ಅತ್ತೆ. ಸಿಕ್ಕ ದಿನವೇ ಬಿಚ್ಚಿಡ್ತೀನಿ."

ಎಲ್ಲಾ ಬಂದು ನಿಂತಿದ್ದು ಆ ಕಾರಿನ ಮೇಲೆಯೇ. ಜ್ಲಾಟ್ಕಾ ನಾಲ್ಕು ವರ್ಷದಿಂದ ಇಟಲಿಯ ಪಾದೊವಾದಲ್ಲಿ ಒಬ್ಬ ಮುದುಕಿಯ ಆರೈಕೆ ಮಾಡಿಕೊಂಡಿದ್ದಳು. ನಮ್ಮೂರು ಯಾಸೆನಿಕದಲ್ಲಿ ಹಾಗೆ ಪರರ ಅಮ್ಮಂದಿರನ್ನು ನೋಡಿಕೊಳ್ಳಲು ತಮ್ಮ ಅಮ್ಮಂದಿರನ್ನೂ ಮಕ್ಕಳನ್ನೂ ಬಿಟ್ಟು ಹೋದ ಹೆಂಗಸರು ಬೀದಿಗೊಬ್ಬರಾದರೂ ಸಿಗುತ್ತಾರೆ. ಈಗ ವ್ರಾತ್ಸಾ ನಗರದ ವೃದ್ಧಾಶ್ರಮದವರು ಅವಳಿಗೆ ಕೆಲಸ ಕೊಡುತ್ತೇವೆ ಎಂದಿದ್ದರು. ಅದೇ ಕೆಲಸ, ಸಂಬಳ ಕಡಿಮೆ, ಆದರೆ ರಾತ್ರಿ ಮಲಗುವುದು ಸ್ವಂತ ಹಾಸಿಗೆಯಲ್ಲಿ. ತೊಡಕು ಒಂದೇ. ಅಲ್ಲಿ ಪಾಳಿ ಶುರುವಾಗುವುದು ಬೆಳಿಗ್ಗೆ ಆರಕ್ಕೆ, ನಮ್ಮೂರಿನ ಮೊದಲ ಬಸ್ಸು ಹೊರಡುವುದು ಎಂಟಕ್ಕೆ. ಜೂನ್ ಮಧ್ಯದೊಳಗೆ ಕಾರು ಸಿಗದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ, ಜ್ಲಾಟ್ಕಾ ಇಟಲಿಗೆ. ಕೂಲಿಯವರನ್ನು ಅಲ್ಲಿಗೆ ಒಯ್ಯುವ ವ್ಯಾನಿನವನ ಹತ್ತಿರ ಒಂದು ಸೀಟು ಹೇಳಿಟ್ಟೂ ಆಗಿತ್ತು.

ಅವಳ ಗಂಡ ರೂಮೆನ್ ಬ್ರೆಡ್ ಕಾರ್ಖಾನೆಯ ವ್ಯಾನು ಓಡಿಸುತ್ತಾನೆ. ಒಳ್ಳೆಯವನು. ಯಾರು ಏನು ಹೇಳಿದರೂ ನಂಬುವಷ್ಟು ಒಳ್ಳೆಯವನು. ಹಿಂದೊಮ್ಮೆ ಅವನೇ ಒಂದು ನೀಲಿ ಕಾರು ತಂದಿದ್ದ. ಜರ್ಮನಿಯ ಒಬ್ಬ ಅಜ್ಜಿ ಭಾನುವಾರ ಚರ್ಚಿಗೆ ಹೋಗಲು ಮಾತ್ರ ಅದನ್ನು ಓಡಿಸುತ್ತಿದ್ದಳೆಂದು ಮಾರಿದವನು ಹೇಳಿದ್ದ, ಇವನು ನಂಬಿದ್ದ. ಎರಡನೇ ಚಳಿಗಾಲಕ್ಕೆ ಇಂಜಿನ್ನು ಕೈಕೊಟ್ಟಿತು. "ಆ ಅಜ್ಜಿಗೆ ಊರಿಗೊಂದು ಚರ್ಚು ಇತ್ತೇನೋ" ಎಂದು ಪೆಂಕಾ ಮಗನಿಗೆ ಇವತ್ತಿಗೂ ಚುಚ್ಚುತ್ತಾಳೆ. ಕಾರಿನ ಜೊತೆ ಕೂಡಿಟ್ಟದ್ದೂ ಹೋಗಿ, ಜ್ಲಾಟ್ಕಾ ಆರು ತಿಂಗಳಿಗೆಂದು ಇಟಲಿಗೆ ಹೋದಳು. ಆ ಆರು ತಿಂಗಳೇ ನಾಲ್ಕು ವರ್ಷವಾಯಿತು.

ಅದಕ್ಕೇ ಈ ಸಲ ಬಿಲ್ಯಾನಾ ಅಪ್ಪನನ್ನು ಒಬ್ಬನೇ ಹೋಗಲು ಬಿಡಲಿಲ್ಲ. ಹಳೆಯ ಕಾರುಗಳ ಸಂತೆಗೆ ಜೊತೆಗೇ ಹೋದಳು. ಕಪ್ಪು ಕನ್ನಡಕದ ವ್ಯಾಪಾರಿ ಒಂದು ಬಿಳಿ ಕಾರಿನ ಬಾಗಿಲು ತೆರೆದು ನಿಂತ.

"ಒಬ್ಬನೇ ಯಜಮಾನ, ಅಣ್ಣಾ. ಜರ್ಮನಿ ಅಜ್ಜ. ಮಳೆ ಬಂದ್ರೆ ಹೊರಗೇ ತೆಗೀತಿರಲಿಲ್ಲ."

"ನೋಡು, ಸೀಟು ಹೊಸದಾಗಿದೆ" ಎಂದ ರೂಮೆನ್, ಆಗಲೇ ಕರಗಿಹೋಗಿದ್ದ.

"ಎಷ್ಟು ಓಡಿದೆ?" ಎಂದು ಬಿಲ್ಯಾನಾ ಕೇಳಿದಳು.

"ಒಂದು ಲಕ್ಷದ ನಲವತ್ತು ಸಾವಿರ. ಮೀಟರೇ ಹೇಳುತ್ತಲ್ಲ, ನೋಡಮ್ಮ."

ಬಿಲ್ಯಾನಾ ಮುಂದಿನ ಗಾಜಿನ ಮೂಲೆಯಲ್ಲಿದ್ದ ಚಾಸಿ ನಂಬರನ್ನು ಫೋನಿಗೆ ಹಾಕಿದಳು. ಹೀಗೆ ನಂಬರು ಹಾಕಿ ದುಡ್ಡು ಕಟ್ಟಿದರೆ ಕಾರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಓಡಿತು, ಎಲ್ಲಿ ಗುದ್ದಿತು ಅನ್ನುವುದೆಲ್ಲ ಬರುತ್ತದೆ. ರಜೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲಿ ನಿಂತು ಸಂಪಾದಿಸಿದ್ದನ್ನು ಅವಳು ಇದಕ್ಕೇ ಇಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ವಿವರ ಬಂತು.

"ಮಾಮಾ, ನಿಮ್ಮ ಜರ್ಮನಿ ಅಜ್ಜ ಬೆಲ್ಜಿಯಂನಲ್ಲಿ ಟ್ಯಾಕ್ಸಿ ಓಡಿಸ್ತಿದ್ರಾ?"

"ಏನು?"

"ನಾಲ್ಕು ವರ್ಷದ ಹಿಂದೆಯೇ ಮೂರು ಲಕ್ಷ ದಾಟಿದೆ ಅಂತ ಇದೆ. ಆಮೇಲೆ ಕಾರು ಹಿಂದಕ್ಕೇ ಓಡ್ತಾ ಬಂತಾ?"

"ಫೋನು ಏನು ಬೇಕಾದ್ರೂ ಹೇಳುತ್ತೆ" ಎಂದು ವ್ಯಾಪಾರಿ ಕಾರಿನ ಬಾಗಿಲು ಹಾಕಿದ. ಮನೆಗೆ ಬಂದು ಸೌತೆಕಾಯಿ ಮೊಸರಿನ ತಣ್ಣನೆ ಸಾರು ಕುಡಿದ ಮೇಲೆ ರೂಮೆನ್ ಗೊಣಗಿದ.

"ಎಲ್ಲಾ ಕಾರಿಗೂ ಏನಾದ್ರೊಂದು ಇದ್ದೇ ಇರುತ್ತೆ. ಹೀಗೆ ಕೊಂಕು ಹುಡುಕ್ತಾ ಕೂತ್ರೆ ನಿಮ್ಮಮ್ಮ ವ್ಯಾನು ಹತ್ತಿ ಹೋಗ್ತಾಳೆ, ಅಷ್ಟೆ."

"ಕೆಟ್ಟ ಕಾರು ತಂದ್ರೂ ಹೋಗ್ತಾಳೆ. ಹೋದ ಸಲ ಹೋಗಿದ್ದೂ ಹಾಗೇ."

ರೂಮೆನ್ ಎದ್ದು ಅಂಗಳಕ್ಕೆ ಹೋಗಿ ಸುಮ್ಮಸುಮ್ಮನೆ ಟೊಮೆಟೊ ಗಿಡಗಳಿಗೆ ಕೋಲು ಕಟ್ಟತೊಡಗಿದ. ಜ್ಲಾಟ್ಕಾ ಮಗಳ ಪಕ್ಕ ಬಂದು ಕೂತು ಅವಳ ಜಡೆ ಬಿಚ್ಚಿ ಮತ್ತೆ ಹೆಣೆದಳು. ಬೈಯಲಿಲ್ಲ. ನಾಲ್ಕು ವರ್ಷದಲ್ಲಿ ಆ ಕೂದಲು ಇಷ್ಟು ಉದ್ದ ಬೆಳೆದದ್ದನ್ನು ಫೋನಿನ ಪರದೆಯಲ್ಲಿ ಮಾತ್ರ ನೋಡಿದ್ದಳು.

"ನಿಮ್ಮಪ್ಪನಿಗೆ ಹಾಗೆ ಅನ್ನಬಾರದಿತ್ತು" ಎಂದಳು ಕೊನೆಗೆ.

"ಗೊತ್ತು. ಆದ್ರೆ ಸುಳ್ಳಾ?"

"ಸುಳ್ಳಲ್ಲ. ಹೋಗಿ ಆ ಕೋಲು ಹಿಡ್ಕೋ, ಒಬ್ಬನೇ ಕಟ್ತಿದ್ದಾನೆ."

ವಾರ ಕಳೆದ ಮೇಲೆ ರೂಮೆನ್ ಲೆಸ್ಕಾ ಹಳ್ಳಿಯಲ್ಲೊಂದು ಕಾರಿದೆ ಎಂಬ ಸುದ್ದಿ ತಂದ. ಅವನು ಬ್ರೆಡ್ ಹಾಕುವ ಅಂಗಡಿಯವಳು ಹೇಳಿದ್ದು. ವೆರ್ಗಿನಿಯಾ ಅಂತ ಒಬ್ಬ ವಿಧವೆ, ಅವಳ ಮಗ ತಂದ ಕಾರು, ಮಾರುತ್ತಾಳಂತೆ. ಭಾನುವಾರ ನಾಲ್ವರೂ ಕಾರ್ಖಾನೆಯ ವ್ಯಾನಿನಲ್ಲೇ ಹೊರಟರು. ಪೆಂಕಾ ಮುಂದೆ ಕೂತಳು. ತಾಯಿ ಮಗಳು ಹಿಂದೆ ಖಾಲಿ ಬ್ರೆಡ್ ಕ್ರೇಟುಗಳ ಮೇಲೆ ಕೂತು, ತಿರುವು ಬಂದಾಗಲೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಾ ಹೋದರು.

ವೆರ್ಗಿನಿಯಾ ಅರುವತ್ತರ ಹೆಂಗಸು. ಕಪ್ಪು ಬಟ್ಟೆ, ಕಪ್ಪು ತಲೆವಸ್ತ್ರ. ಅತಿಥಿಗಳ ಕೈಗೆ ಮೊದಲು ಕಾಫಿ, ಅಂಜೂರದ ಜಾಮು ಕೊಟ್ಟು, ಆಮೇಲೆ ಕೊಟ್ಟಿಗೆಯ ಬಾಗಿಲು ತೆರೆದಳು. ಹೊದಿಸಿದ್ದ ಚಾದರ ಎಳೆದಾಗ ಒಳಗೊಂದು ಬೂದು ಬಣ್ಣದ ಉದ್ದ ಕಾರು, ಧೂಳಿನ ಗುರುತೂ ಇಲ್ಲ.

"ವಾರ ವಾರ ಒರೆಸ್ತೀನಿ" ಎಂದಳು. "ಇದಕ್ಕಿಂತ ಹೆಚ್ಚು ನನಗೆ ಬರಲ್ಲ."

ಬಿಲ್ಯಾನಾ ನಂಬರು ಹಾಕಿದಳು. ಎರಡೆರಡು ಸಲ ಓದಿದಳು. "ಅಮ್ಮಾ, ಎಲ್ಲಾ ಸರಿ ಇದೆ" ಎಂದು ಪಿಸುಗುಟ್ಟಿದಳು. "ಹಾಲೆಂಡಿನಿಂದ ಬಂದಿದೆ. ವರ್ಷ ವರ್ಷ ಕಿಲೋಮೀಟರು ಸರಿಯಾಗಿ ಏರಿದೆ, ಅಪಘಾತ ಇಲ್ಲ. ಹೋದ ಸೆಪ್ಟೆಂಬರ್‌ನಲ್ಲಿ ಇಲ್ಲಿ ತಪಾಸಣೆ ಆದಾಗ ತೊಂಬತ್ತಾರು ಸಾವಿರ. ಮೀಟರು ನೋಡಿದ್ರೆ ಆಮೇಲೆ ಹೆಚ್ಚು ಓಡಿಯೇ ಇಲ್ಲ."

"ಬಲಗಡೆ ದೀಪ ಮಾತ್ರ ಹೊಸದು" ಎಂದ ರೂಮೆನ್ ಬಗ್ಗಿ ನೋಡುತ್ತಾ. ಆದರೆ ಅವನ ಮುಖವೂ ಅರಳಿತ್ತು. ಜ್ಲಾಟ್ಕಾ ಚಾಲಕರ ಸೀಟಿನಲ್ಲಿ ಕೂತು ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟಳು. ಆ ಕ್ಷಣ ಬಿಲ್ಯಾನಾಗೆ ಕಾರು ತಮ್ಮದೇ ಆಯಿತು ಅನ್ನಿಸಿಬಿಟ್ಟಿತು.

ಪೆಂಕಾ ಮಾತ್ರ ಗೇಟಿನ ಹತ್ತಿರವೇ ನಿಂತಿದ್ದಳು. ಗೇಟಿಗೆ ಕಪ್ಪು ಪಟ್ಟಿ ಕಟ್ಟಿತ್ತು, ಅದರ ಕೆಳಗೆ ಶ್ರದ್ಧಾಂಜಲಿಯ ಹಾಳೆ ಅಂಟಿಸಿತ್ತು. ನಮ್ಮಲ್ಲಿ ಸತ್ತವರ ಫೋಟೊ ಹಾಕಿದ ಹಾಳೆಯನ್ನು ಗೇಟಿಗೆ, ಕಂಬಕ್ಕೆ, ಬಸ್ ನಿಲ್ದಾಣಕ್ಕೆ ಅಂಟಿಸುತ್ತಾರೆ. ನಲವತ್ತು ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು ಹೊಸದು ಬರುತ್ತದೆ. ಪೆಂಕಾ ಬೆಳಿಗ್ಗೆ ಬ್ರೆಡ್ಡು ತರಲು ಹೋದವಳು ದಾರಿಯ ಹಾಳೆಗಳನ್ನೆಲ್ಲ ಓದಿಯೇ ಮನೆಗೆ ಬರುವುದು. ಈ ಹಾಳೆಯಲ್ಲಿ ನಗುತ್ತಿದ್ದವನು ಲಚೆಜಾರ್, ಮೂವತ್ತೊಂದು ವರ್ಷ. ಅಕ್ಟೋಬರಿನಲ್ಲಿ ದುರಂತದಲ್ಲಿ ಅಗಲಿದ ಪ್ರೀತಿಯ ಮಗ, ಆರು ತಿಂಗಳು ತುಂಬಿತು ಎಂದಿತ್ತು.

ವ್ಯಾನು ಲೆಸ್ಕಾ ದಾಟಿತು. "ಬೇಡ" ಎಂದಳು ಪೆಂಕಾ.

"ಏನು ಬೇಡ?"

"ಆ ಕಾರು. ಹುಡುಗ ಅದರಲ್ಲೇ ಹೋಗಿದ್ದಾನೆ. ಅಕ್ಟೋಬರಿನಲ್ಲಿ ಹುಡುಗ ಸತ್ತ, ಕಾರೂ ಆವಾಗಿಂದ ಓಡಿಲ್ಲ. ದೀಪ ಬೇರೆ ಹೊಸದು. ಇನ್ನೇನು ಹೇಳ್ಬೇಕು?"

"ಅಜ್ಜೀ, ಅಪಘಾತ ಆಗಿಲ್ಲ ಅಂತ ಇದರಲ್ಲಿ..."

"ಗ್ಯಾರೇಜಿನವರು ಬರೆಸಿದ್ರೆ ತಾನೇ ನಿನ್ನ ಫೋನಿಗೆ ಗೊತ್ತಾಗೋದು? ಹಳ್ಳಿ ಮೆಕ್ಯಾನಿಕ್ ಮರದ ಕೆಳಗೆ ಕೂತು ಸರಿಮಾಡಿದ್ರೆ ಅದಕ್ಕೆ ಯಾರು ಹೋಗಿ ಹೇಳ್ತಾರೆ?"

ಬಿಲ್ಯಾನಾ ಫೋನನ್ನು ಜೇಬಿಗೆ ಹಾಕಿದಳು. ಅಜ್ಜಿ ಹೇಳಿದ್ದರಲ್ಲಿ ತಪ್ಪಿರಲಿಲ್ಲ.

"ಒಂದು ಮಾತು ಕೇಳಿಬಿಡೋಣ" ಎಂದ ರೂಮೆನ್.

"ಕೇಳು ಹೋಗು. ಕಪ್ಪು ಉಟ್ಟ ತಾಯಿ ಮುಂದೆ ನಿಂತು, ನಿಮ್ಮ ಮಗ ಇದೇ ಸೀಟಲ್ಲಿ ಸತ್ತನಾ ಅಂತ ಕೇಳು. ನಾಲಿಗೆ ಏಳುತ್ತಾ ನಿನಗೆ?"

ಏಳುವುದಿಲ್ಲ. ಅವನಿಗೂ ಗೊತ್ತಿತ್ತು. ಎಲ್ಲರೂ ಜ್ಲಾಟ್ಕಾಳ ಮುಖ ನೋಡಿದರು.

"ನಾನು ಕತ್ತಲಲ್ಲಿ ಒಬ್ಬಳೇ ಆ ಸೀಟಲ್ಲಿ ಕೂತು ಹೋಗ್ಬೇಕು" ಎಂದಳು ಅವಳು ಮೆಲ್ಲಗೆ. "ನನಗೆ ಧೈರ್ಯ ಬರಲ್ಲ."

ಅಲ್ಲಿಂದ ಮುಂದೆ ನೋಡಿದ ಕಾರುಗಳ ಕಥೆ ಹೇಳಿ ಸುಖವಿಲ್ಲ. ಒಂದು ನೆರೆಯಲ್ಲಿ ಮುಳುಗಿ ಎದ್ದದ್ದು, ಬಾಗಿಲು ತೆರೆದರೆ ಬಾವಿಯ ವಾಸನೆ. ಇನ್ನೊಂದು ಎರಡು ಕಾರುಗಳ ಅರ್ಧರ್ಧ ಸೇರಿಸಿ ಬೆಸೆದದ್ದು. ಬಿಲ್ಯಾನಾಳ ಐಸ್‌ಕ್ರೀಂ ದುಡ್ಡು ಮುಗಿಯಿತು. ರೂಮೆನ್ ತನ್ನ ಜೇಬಿನಿಂದ ಕೊಟ್ಟ. ಅಪ್ಪ ಮಗಳ ನಡುವೆ ಅದೇ ರಾಜಿಯಾಯಿತು.

ಅಷ್ಟರಲ್ಲಿ ಫ್ರೀಜರ್ ತುಂಬತೊಡಗಿತು. ಜ್ಲಾಟ್ಕಾ ಹೊರಡುವ ದಿನ ಹತ್ತಿರ ಬಂದಾಗಲೆಲ್ಲ ಹೀಗೇ. ದ್ರಾಕ್ಷಿ ಎಲೆಯಲ್ಲಿ ಅನ್ನ, ಮಾಂಸ ಸುತ್ತಿದ ಸರ್ಮಿ, ಮಾಂಸದ ಉಂಡೆ, ಚೀಸ್ ಹಾಕಿ ಸುರುಳಿ ಸುತ್ತಿದ ಬನಿತ್ಸಾ, ಎಲ್ಲ ಡಬ್ಬಿ ಡಬ್ಬಿಯಾಗಿ ಒಳಗೆ ಹೋಗುತ್ತಿದ್ದವು. ಇಟಲಿಯ ಮುದುಕಿಯ ಮಗಳು ಫೋನು ಮಾಡಿದಾಗ ಜ್ಲಾಟ್ಕಾ ಅಡುಗೆಮನೆಯಲ್ಲಿ ನಿಂತು ಇಟಾಲಿಯನ್ನಿನಲ್ಲಿ ಮಾತಾಡುತ್ತಿದ್ದಳು. ಆ ಭಾಷೆ ಕಿವಿಗೆ ಬಿದ್ದರೆ ಸಾಕು, ಬಿಲ್ಯಾನಾ ಎದ್ದು ಹೊರಗೆ ಹೋಗುತ್ತಿದ್ದಳು.

ಒಂದು ಸಂಜೆ ಪೆಂಕಾ ನೆಲಮಾಳಿಗೆಗೆ ಈರುಳ್ಳಿ ತರಲು ಇಳಿದಾಗ ಮೊಮ್ಮಗಳು ಫ್ರೀಜರಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು.

"ಇಲ್ಲೇನು ಮಾಡ್ತಿದ್ದೀಯೇ? ನೆಲ ತಣ್ಣಗಿದೆ, ಏಳು."

"ನಾನು ಇವನ್ನ ತಿನ್ನಲ್ಲ ಅಜ್ಜಿ. ಹೋದ ಸಲ ಕೊನೆಯ ಡಬ್ಬಿ ತೆಗೆದ ದಿನ ನಾನು ಎಷ್ಟು ಅತ್ತೆ ಗೊತ್ತಾ? ಅಮ್ಮನ ಕೈ ಅಡುಗೆ ಅಷ್ಟೇ, ಮುಗೀತು ಅಂತ."

ಪೆಂಕಾ ಈರುಳ್ಳಿ ಮರೆತು ಅವಳ ಪಕ್ಕ ತಣ್ಣನೆ ನೆಲದ ಮೇಲೆಯೇ ಕೂತಳು. ಮೊಣಕಾಲು ಮಡಚಲು ಆಗದ ಮುದುಕಿ, ಮತ್ತೆ ಏಳಲು ಮೊಮ್ಮಗಳೇ ಕೈಕೊಡಬೇಕಾಯಿತು. ಎದ್ದವಳೇ ಕೇಳಿದಳು:

"ಚೆರ್ರಿ ಶನಿವಾರ ಯಾವತ್ತು?"

"ಈ ಶನಿವಾರಾನೇ. ಯಾಕೆ?"

"ಗೋಧಿ ಸ್ವಲ್ಪ ಜಾಸ್ತಿ ಬೇಯಿಸ್ತೀನಿ."

ಚೆರ್ರಿ ಹಣ್ಣಾಗುವ ಹೊತ್ತಿಗೆ ಬರುವ ಆ ಶನಿವಾರ ಸತ್ತವರ ದಿನ. ಸಮಾಧಿಗೆ ಆಕ್ರೋಡಿನ ಎಲೆ ಹಾಸಿ, ಸಕ್ಕರೆ ಬೆರೆಸಿದ ಬೆಂದ ಗೋಧಿ, ಚೆರ್ರಿ ಹಂಚುತ್ತಾರೆ. ತೆಗೆದುಕೊಂಡವರು "ದೇವರು ಕ್ಷಮಿಸಲಿ" ಎಂದು ಸತ್ತವರಿಗಾಗಿ ಹೇಳಬೇಕು. ಆ ದಿನ ಯಾರು ಬೇಕಾದರೂ ಯಾರ ಸಮಾಧಿಯ ಹತ್ತಿರ ಬೇಕಾದರೂ ಹೋಗಬಹುದು. ಬೇರೆ ದಿನ ಬಾಯಿಗೆ ಬಾರದ್ದನ್ನು ಅಂದು ಕೇಳಬಹುದು. ಸತ್ತವರ ಮಾತೆತ್ತದಿದ್ದರೇ ಮನೆಯವರಿಗೆ ಬೇಸರ.

ಪೆಂಕಾ ಬೆಳಿಗ್ಗೆ ತನ್ನ ಗಂಡನ ಸಮಾಧಿ ಮುಗಿಸಿ, ಬುಟ್ಟಿ ಮೊಮ್ಮಗಳ ಕೈಗೆ ಕೊಟ್ಟು, ಅವಳನ್ನೂ ಕರೆದುಕೊಂಡು ಲೆಸ್ಕಾ ಬಸ್ಸು ಹತ್ತಿದಳು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ವೆರ್ಗಿನಿಯಾ ಹಳ್ಳಿಯ ಸ್ಮಶಾನದಲ್ಲಿ ಮಗನ ಪಕ್ಕ ಪುಟ್ಟ ಸ್ಟೂಲು ಹಾಕಿಕೊಂಡು ಕೂತಿದ್ದಳು. ಇವರನ್ನು ನೋಡಿ ಅಚ್ಚರಿಪಡದೆ, ಮೊದಲು ಬಿಲ್ಯಾನಾಳ ಬೊಗಸೆಗೆ ಚೆರ್ರಿ ಸುರಿದಳು.

"ದೇವರು ಕ್ಷಮಿಸಲಿ" ಎಂದಳು ಬಿಲ್ಯಾನಾ.

"ತಿನ್ನು ಮಗಳೇ. ಅವನಿಗೆ ಇವು ಅಂದ್ರೆ ಪ್ರಾಣ. ಅವನ ಹೆಸರಲ್ಲಿ ಹಂಚೋವರೆಗೆ ಈ ವರ್ಷ ನಾನು ಬಾಯಿಗಿಟ್ಟಿಲ್ಲ."

ಪೆಂಕಾ ಸಮಾಧಿಯ ಕಲ್ಲಿನ ಮೇಲೆ ಗೋಧಿಯ ಬಟ್ಟಲು ಇಟ್ಟಳು. "ನಿಮ್ಮ ಹುಡುಗನ ವಿಷಯ ಹೇಳಿ" ಎಂದಳು. "ಹೇಗೆ ಹೋದ?"

ವೆರ್ಗಿನಿಯಾ ಆ ಪ್ರಶ್ನೆಗೇ ಕಾಯುತ್ತಿದ್ದವಳಂತೆ ತಲೆವಸ್ತ್ರ ಸರಿಮಾಡಿಕೊಂಡಳು.

"ಹಾಲೆಂಡಿನಲ್ಲಿ ಟೊಮೆಟೊ ತೋಟದ ಕೆಲಸ, ಅಕ್ಕ. ಈ ಕಾರು ಅಲ್ಲೇ ತಗೊಂಡ. ಓಡಿಸ್ಕೊಂಡು ಬರುವಾಗ ನಿಂತಲ್ಲೆಲ್ಲ ಫೋನು ಮಾಡೋನು, ಅಮ್ಮಾ ಇಲ್ಲಿದ್ದೀನಿ, ಅಮ್ಮಾ ಕಾಫಿ ಕುಡೀತಿದ್ದೀನಿ ಅಂತ. ಇನ್ನೊಂದೇ ಸಲ ಹೋಗಿ ಬರ್ತೀನಿ, ಆಮೇಲೆ ಇಲ್ಲೇ ಇರ್ತೀನಿ ಅಂದ. ಕಾರಲ್ಲೇ ಹೋಗೋ ಅಂದೆ. ಬೇಡಮ್ಮಾ, ಸುಮ್ನೆ ಕಿಲೋಮೀಟರು ಏರುತ್ತೆ, ನಾಳೆ ಮಾರೋದಾದ್ರೆ ಬೆಲೆ ಬರಲ್ಲ ಅಂದ. ಕೂಲಿಯವರ ವ್ಯಾನು ಹತ್ತಿದ." ಅವಳು ಸಮಾಧಿಯ ಮೇಲಿನ ಎಲೆ ಸರಿಮಾಡಿದಳು. "ಹಂಗೇರಿಯಲ್ಲಿ ಮಗುಚಿತು. ಓಡಿಸೋನು ನಿದ್ದೆ ಹೋಗಿದ್ನಂತೆ. ತನ್ನ ಕಾರಲ್ಲೇ ಹೋಗಿದ್ದಿದ್ರೆ ನನ್ನ ಮಗ ಇವತ್ತು ಇಲ್ಲಿ ಇರ್ತಿರಲಿಲ್ಲ, ಅಕ್ಕ. ಮನೇಲಿರ್ತಿದ್ದ."

ಪೆಂಕಾ ಪಕ್ಕದ ಕಲ್ಲಿನ ಅಂಚಿಗೆ ಕೂತುಬಿಟ್ಟಳು. ಸೊಸೆಗೆ ಹೇಳಿಟ್ಟ ವ್ಯಾನಿನ ಸೀಟು ಅವಳ ಕಣ್ಣಮುಂದೆ ಬಂದಿತ್ತು.

"ಮತ್ತೆ ಆ ದೀಪ?" ಎಂದು ಬಿಲ್ಯಾನಾ ಕೇಳಿಯೇಬಿಟ್ಟಳು.

ವೆರ್ಗಿನಿಯಾ ಅಳುತ್ತಲೇ ನಕ್ಕಳು. "ಅಯ್ಯೋ, ಅದು ನನ್ನ ಕೆಲಸ. ಇಲ್ಲಿಗೆ ಬರೋಕಾದ್ರೂ ಓಡಿಸೋದು ಕಲೀತೀನಿ ಅಂತ ಕೂತೆ. ಕೊಟ್ಟಿಗೆಯಿಂದ ಹೊರಬಂದಿದ್ದೇ ತಡ, ಸೀದಾ ಆಕ್ರೋಡಿನ ಮರಕ್ಕೆ!"

"ನಾವು ಬೇರೆ ಏನೋ ಅಂದ್ಕೊಂಡಿದ್ವಿ, ತಂಗಿ" ಎಂದಳು ಪೆಂಕಾ. "ಗೇಟಿನ ಹಾಳೆ ನೋಡಿ."

"ಗೊತ್ತು. ನಿಮಗಿಂತ ಮುಂಚೆ ಬಂದವರೂ ಅಲ್ಲೇ ಓದಿ, ಒಳಗೂ ಬರದೆ ತಿರುಗಿದ್ರು. ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಲ್ಲ. ಹಾಳೆ ತೆಗೆದುಬಿಡು ಅಂತಾರೆ ಪಕ್ಕದ ಮನೆಯವರು. ಒಂದು ಕಾರು ಮಾರೋಕೆ ನನ್ನ ಮಗನನ್ನ ಗೇಟಿಂದ ಕಿತ್ತುಹಾಕ್ಲಾ?"

ಪೆಂಕಾ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಬ್ಬರೂ ಮುದುಕಿಯರು ಸ್ವಲ್ಪ ಹೊತ್ತು ಹಾಗೇ ಅತ್ತರು. ಆಮೇಲೆ ಪೆಂಕಾ ಮೂಗು ಒರೆಸಿಕೊಂಡು, ಮೊಮ್ಮಗಳ ಫೋನು ಕಿತ್ತುಕೊಂಡು ಮನೆಗೆ ಹಚ್ಚಿದಳು.

"ರೂಮೆನ್, ವ್ಯಾನಿನವನಿಗೆ ಸೀಟು ಬೇಡ ಅಂತ ಹೇಳು."

"ಅಮ್ಮಾ? ನೀನೆಲ್ಲಿದ್ದೀಯ? ಜ್ಲಾಟ್ಕಾನ ಒಂದು ಮಾತು ಕೇಳದೆ..."

"ಅವಳ ಕೈಗೆ ಕೊಡು."

ಪೆಂಕಾ ಸೊಸೆಗೆ ಎಲ್ಲವನ್ನೂ ಹೇಳಿದಳು. ಕೇಳಿದ್ದನ್ನು ಒಂದೂ ಬಿಡಲಿಲ್ಲ, ದೀಪದ ಕಥೆಯನ್ನೂ. ಬಿಲ್ಯಾನಾ ಅಜ್ಜಿಯ ಕೆನ್ನೆಗೆ ಕೆನ್ನೆ ಹಚ್ಚಿ, ಉಸಿರು ಹಿಡಿದು ಫೋನಿಗೆ ಕಿವಿಗೊಟ್ಟಿದ್ದಳು.

"ಅತ್ತೆ" ಎಂದಿತು ಕೊನೆಗೆ ಜ್ಲಾಟ್ಕಾಳ ದನಿ, "ಫ್ರೀಜರಿಂದ ಸರ್ಮಿ ತೆಗೆದಿಡ್ತೀನಿ. ರೂಮೆನ್ ವ್ಯಾನು ತರ್ತಾನೆ. ಅವರನ್ನೂ ಊಟಕ್ಕೆ ಕರ್ಕೊಂಡು ಬನ್ನಿ."

ಅಂದು ಸಂಜೆ ಮೇಜಿನ ಸುತ್ತ ಐದು ಜನ ಕೂತರು. ಬಿಲ್ಯಾನಾ ಸರ್ಮಿಯನ್ನು ಮೂರು ಸಲ ಹಾಕಿಸಿಕೊಂಡಳು. ಮರುದಿನ ಕೆಂಪು ಸೂಟ್‌ಕೇಸು ಖಾಲಿಯಾಗಿ ಅಟ್ಟ ಸೇರಿತು. ಹೊತ್ತವಳು ಬಿಲ್ಯಾನಾ, ಏಣಿ ಹಿಡಿದವನು ರೂಮೆನ್.

ಕಾಗದಪತ್ರ ಮುಗಿದು ಕಾರು ಗೇಟಿನಿಂದ ಹೊರಡುವಾಗ ವೆರ್ಗಿನಿಯಾ ಒಳಗೆ ಓಡಿಹೋಗಿ ತಾಮ್ರದ ಚೆಂಬು ತಂದು ಚಕ್ರಗಳ ಮುಂದೆ ನೀರು ಚೆಲ್ಲಿದಳು. ಹೊರಟವರ ದಾರಿ ನೀರಿನ ಹಾಗೆ ಸರಾಗವಾಗಿ ಸಾಗಲಿ ಎಂದು ನಮ್ಮಲ್ಲಿ ಹಾಗೆ ಮಾಡುತ್ತಾರೆ. ಬೆಲೆಯಲ್ಲಿ ಅವಳೂ ಜಗ್ಗಲಿಲ್ಲ, ಇವರೂ ಚೌಕಾಸಿ ಮಾಡಲಿಲ್ಲ. ಅವಳು ಕೇಳಿದ್ದು ಒಂದೇ. ವ್ರಾತ್ಸಾದಿಂದ ಬರುವ ದಾರಿ ಲೆಸ್ಕಾದ ಮೇಲೇ ಹೋಗುತ್ತದಲ್ಲ, ಆಗಾಗ ಕಾರನ್ನು ಗೇಟಿನ ಹತ್ತಿರ ನಿಲ್ಲಿಸಬೇಕು.

ಜ್ಲಾಟ್ಕಾ ನಿಲ್ಲಿಸುತ್ತಿದ್ದಳು. ಪಾಳಿ ಮುಗಿಸಿ ಬರುವಾಗ ಹಾರ್ನ್ ಹೊಡೆದರೆ ವೆರ್ಗಿನಿಯಾ ಕೈ ಒರೆಸಿಕೊಳ್ಳುತ್ತಾ ಬರುವಳು. ಕೆಲಸ ಹೇಗಿತ್ತು, ಮಗಳು ಹೇಗಿದ್ದಾಳೆ, ಎಲ್ಲ ಆಮೇಲೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ಎಷ್ಟು ಓಡಿದೆ?"

ಜ್ಲಾಟ್ಕಾ ಮೀಟರು ನೋಡಿ ಹೇಳುತ್ತಿದ್ದಳು. ತೊಂಬತ್ತೇಳು ಸಾವಿರ. ತೊಂಬತ್ತೆಂಟು. ಹೆಚ್ಚಾದಷ್ಟೂ ಮುದುಕಿಯ ಮುಖ ತಿಳಿಯಾಗುತ್ತಿತ್ತು. "ನಮ್ಮ ದೇಶದಲ್ಲಿ ಮೀಟರು ಏರಿದ್ರೆ ಖುಷಿ ಪಡೋ ಮನುಷ್ಯರು ಇವರೊಬ್ಬರೇ" ಎಂದು ರೂಮೆನ್ ನಗುತ್ತಿದ್ದ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಮನೆಯವರೆಲ್ಲ ಕಾರಿನಲ್ಲಿ ಲೆಸ್ಕಾಕ್ಕೆ ಹೋದರು. ಹಳ್ಳಿಯ ತಿರುವಿನಲ್ಲಿ ಮೀಟರು ಒಂದು ಲಕ್ಷಕ್ಕೆ ತಿರುಗಿತು. ಬಿಲ್ಯಾನಾ ಕೂಗಿಕೊಂಡಳು. ಜ್ಲಾಟ್ಕಾ ಅಲ್ಲಿಂದ ಗೇಟಿನವರೆಗೆ ಮೆಲ್ಲಗೆ ಓಡಿಸಿ, ವೆರ್ಗಿನಿಯಾಳನ್ನು ಕರೆದು, ತನ್ನ ಸೀಟಿನಲ್ಲಿ ಕೂರಿಸಿದಳು. ಮುದುಕಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಅಂಕಿಗಳ ಮೇಲಿನ ಗಾಜನ್ನು ಬೆರಳಿನಿಂದ ಸವರಿದಳು.

"ಓಡಿದ್ದೆಲ್ಲಾ ಕೆಲಸಕ್ಕೆ ಹೋಗಿ ಮನೆಗೆ ಬಂದಿದ್ದೇ ತಾನೇ?"

"ಎಲ್ಲಾ ಮನೆಗೆ ಬಂದಿದ್ದೇ."

"ಹಾಗಾದ್ರೆ ಉಳಿಸ್ಬೇಡ ಮಗಳೇ" ಎಂದಳು ವೆರ್ಗಿನಿಯಾ. "ಓಡಿಸು. ಚೆನ್ನಾಗಿ ಓಡಿಸು."